ಅಪ್‌ಡೇಟ್ ಎಂಬ ಗುಮ್ಮ

ನಮ್ಮ ನೆಂಟರ ಪೈಕಿ ‘ಕಂಪ್ಯೂಟರ್ ಗೊತ್ತಿರೋನು’ ಎಂಬ ಹೆಸರು ನನಗೆ ಹೇಗೋ ಅಂಟಿಕೊಂಡಿದೆ. ಗೃಹಪ್ರವೇಶಕ್ಕೆ ಹೋಗಲಿ, ತಿಥಿ ಊಟಕ್ಕೆ ಹೋಗಲಿ, ಕೈ ತೊಳೆಯುವಷ್ಟರಲ್ಲಿ ಯಾರಾದರೊಬ್ಬರು ‘ಸ್ವಲ್ಪ ನಮ್ಮ ಸಿಸ್ಟಮ್ ನೋಡಿಬಿಡು ಮಾರಾಯ’ ಎಂದು ಒಳಕೋಣೆಗೆ ಕರೆದೊಯ್ಯುತ್ತಾರೆ. ಹೊದಿಕೆ ಹೊದ್ದು ಕೂತ ಕಂಪ್ಯೂಟರನ್ನು ಆನ್ ಮಾಡಿದರೆ ಮೊದಲು ಕಾಣುವುದೇ ಅಪ್‌ಡೇಟಿನ ಸೂಚನೆ. ‘ಅದೊಂದನ್ನ ಮುಟ್ಟಬೇಡ’ ಎಂದು ಹಿಂದಿನಿಂದ ದನಿ ಬರುತ್ತದೆ. ಯಾಕೆ ಮುಟ್ಟಬಾರದು ಎಂದರೆ ಒಂದೊಂದು ಮನೆಯಲ್ಲಿ ಒಂದೊಂದು ಕಾರಣ. ಇಷ್ಟು ವರ್ಷ ಕೇಳಿದ ಆ ಕಾರಣಗಳಲ್ಲಿ ಕೆಲವು ಪೂರ್ತಿ ತಪ್ಪು, ಕೆಲವು ಅರ್ಧ ಸರಿ, ಒಂದೆರಡು ನಿಜವೇ.

‘ಚೆನ್ನಾಗೇ ಓಡ್ತಿದೆಯಲ್ಲ, ಸುಮ್ಮನೆ ಯಾಕೆ ಕೆಣಕೋದು?’

ಎಲ್ಲರ ಬಾಯಲ್ಲೂ ಬರುವ ಮಾತು ಇದು. ಮಿಕ್ಸಿ, ಫ್ಯಾನು, ಸ್ಕೂಟರಿನ ವಿಷಯದಲ್ಲಿ ಇದು ಒಳ್ಳೆಯ ಬುದ್ಧಿಯೂ ಹೌದು. ಆದರೆ ಮಿಕ್ಸಿಯ ಒಳಗೆ ದೂರದೂರಿನಿಂದ ಯಾರೂ ಕೈ ಹಾಕಲಾರರು. ನೆಟ್‌ಗೆ ಜೋಡಿಸಿದ ಕಂಪ್ಯೂಟರ್ ಹಾಗಲ್ಲ. ಅದು ನಿಮ್ಮ ಕಣ್ಣಿಗೆ ಚೆನ್ನಾಗಿ ಓಡುತ್ತಿರುವಾಗಲೇ ಅದರ ಹಿತ್ತಿಲ ಬಾಗಿಲು ತೆರೆದಿರಬಹುದು.

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ಅಪ್‌ಡೇಟ್ ಬಿಟ್ಟಿತು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು, ಪ್ರಿಂಟರ್ ಹಂಚಿಕೊಳ್ಳಲು ವಿಂಡೋಸಿನಲ್ಲಿದ್ದ ಹಳೆಯ ವ್ಯವಸ್ಥೆಯೊಂದರಲ್ಲಿ ದೋಷವಿತ್ತು, ಅದಕ್ಕೆ ಹಾಕಿದ ತೇಪೆ ಅದು. ಹೊಸ ಬಣ್ಣವಿಲ್ಲ, ಹೊಸ ಬಟನ್ ಇಲ್ಲ, ಹಾಕಿಕೊಂಡವರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಒಂದು ತಿಂಗಳ ಮೇಲೆ, ಏಪ್ರಿಲ್ 14ಕ್ಕೆ, ಅಮೆರಿಕದ ರಾಷ್ಟ್ರೀಯ ಭದ್ರತಾ ಏಜೆನ್ಸಿ ಅದೇ ದೋಷವನ್ನು ಬಳಸಲೆಂದು ಗುಟ್ಟಾಗಿ ಇಟ್ಟುಕೊಂಡಿದ್ದ ಆಯುಧವನ್ನು ‘ಶ್ಯಾಡೋ ಬ್ರೋಕರ್ಸ್’ ಎಂಬ ಗುಂಪು ಬಯಲಿಗೆ ಬಿಟ್ಟಿತು. ಮೇ 12ರ ಶುಕ್ರವಾರ ಅದನ್ನೇ ಹೊತ್ತ ವನ್ನಾಕ್ರೈ ಎಂಬ ಹುಳು ಹೊರಬಿತ್ತು. ಕೆಲವೇ ದಿನಗಳಲ್ಲಿ 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಬಿದ್ದು, ಬಿಡಿಸಲು 300 ಡಾಲರ್ ಕೊಡಿ ಎಂಬ ಕೆಂಪು ಪರದೆ ಎದ್ದು ನಿಂತಿತು. ಇಂಗ್ಲೆಂಡಿನ ಸರಕಾರಿ ಆರೋಗ್ಯ ವ್ಯವಸ್ಥೆಯ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 81ಕ್ಕೆ ತೊಂದರೆಯಾಯಿತು. ನಮ್ಮ ಪಕ್ಕದ ಆಂಧ್ರದ ಪೊಲೀಸ್ ಕಂಪ್ಯೂಟರುಗಳೂ ಸಿಕ್ಕಿಕೊಂಡವು.

ಇದರಲ್ಲಿ ಮರೆತುಹೋಗುವ ಸಂಗತಿಯೊಂದಿದೆ. ಆಗ ‘ಹಳೇ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡವರಿಗೆ ಹೀಗಾಯಿತು’ ಎಂದು ಎಲ್ಲರೂ ಆಡಿಕೊಂಡರು. ಲೆಕ್ಕ ಹಾಕಿ ನೋಡಿದರೆ ಸಿಕ್ಕಿಬಿದ್ದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7. ಆಗಿನ್ನೂ ಕಂಪನಿಯ ಬೆಂಬಲವಿದ್ದ ಆವೃತ್ತಿ ಅದು. ತೇಪೆ ಎರಡು ತಿಂಗಳ ಹಿಂದೆಯೇ ಪುಕ್ಕಟೆಯಾಗಿ ಬಾಗಿಲಿಗೆ ಬಂದಿತ್ತು. ‘ಆಮೇಲೆ ನೋಡೋಣ’ ಎಂದವರು ಸಿಕ್ಕಿಕೊಂಡರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ಇಲ್ಲಿ ಸ್ವಲ್ಪ ತಿದ್ದಬೇಕು: ಬಾಗಿಲು ಹಾಕಲು ಚಿಲಕ ಕೈಗೆ ಕೊಟ್ಟಿದ್ದರೂ ಹಾಕಿರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಮಾತೊಂದಿದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳೇ ಅದು. ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತೆಯ ತೇಪೆಗಳನ್ನು ಬಿಡುತ್ತ ಬಂದಿದೆ. ಕಂಪನಿಯ ಊರಿನಲ್ಲಿ ಆಗ ಬೆಳಗಿನ ಹತ್ತು ಗಂಟೆ, ನಮ್ಮಲ್ಲಿ ಮಂಗಳವಾರ ರಾತ್ರಿ ಹತ್ತೂವರೆ, ಚಳಿಗಾಲದಲ್ಲಾದರೆ ಹನ್ನೊಂದೂವರೆ. ಆ ಗಳಿಗೆಯಿಂದ ಅದನ್ನು ಎಲ್ಲರೂ ನೋಡಬಹುದು, ಕಳ್ಳರೂ ನೋಡಬಹುದು. ತೇಪೆ ಹಾಕುವ ಮುಂಚಿನ ಫೈಲು, ಹಾಕಿದ ಮೇಲಿನ ಫೈಲು ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಬದಲಾಗಿದೆ ಎಂದು ಹುಡುಕಿದರೆ ತೂತು ಎಲ್ಲಿತ್ತು ಎಂಬುದು ಗೊತ್ತಾಗುತ್ತದೆ. ಅಂದರೆ ಅಪ್‌ಡೇಟ್ ಬರುವುದೆಂದರೆ ‘ಈ ಮಾದರಿಯ ಬೀಗ ಹೀಗೆ ತೆರೆಯುತ್ತದೆ’ ಎಂದು ಊರಿಗೆಲ್ಲ ಡಂಗುರ ಸಾರಿದ ಹಾಗೆ. ನಿನ್ನೆಯವರೆಗೆ ನಾಲ್ಕು ಜನರಿಗಷ್ಟೇ ತಿಳಿದಿದ್ದ ಗುಟ್ಟು ಇವತ್ತು ರಟ್ಟಾಗಿದೆ. ಹಾಗಾಗಿ ನಿನ್ನೆ ಕ್ಷೇಮವಾಗಿದ್ದ ಅದೇ ಕಂಪ್ಯೂಟರ್, ಏನೂ ಬದಲಾಗದೆಯೇ, ಬುಧವಾರ ಬೆಳಗ್ಗೆ ಕಡಿಮೆ ಕ್ಷೇಮ. ‘ಇದ್ದ ಹಾಗೆ ಇರಲಿ’ ಎನ್ನುವವರಿಗೆ ಗೊತ್ತಿಲ್ಲದ್ದು ಇದೇ. ಇದ್ದ ಹಾಗೆ ಇರುವ ಆಯ್ಕೆ ಅಲ್ಲಿ ಇಲ್ಲವೇ ಇಲ್ಲ.

‘ಆಂಟಿವೈರಸ್ ದುಡ್ಡು ಕೊಟ್ಟು ಹಾಕಿಸಿದೀನಿ’

ಆಂಟಿವೈರಸ್ ಎಂದರೆ ಗೇಟಿನಲ್ಲಿ ಕೂತ ವಾಚ್‌ಮನ್. ಮುಖ ಗುರುತಿಸಿ ತಡೆಯುವುದು ಅವನ ಕೆಲಸ. ಹಿತ್ತಿಲ ಗೋಡೆ ಬಿದ್ದಿದ್ದರೆ ಕಟ್ಟುವುದು ಅವನ ಕೆಲಸವಲ್ಲ, ಅದಕ್ಕೆ ಗಾರೆಯವನೇ ಬೇಕು. ವನ್ನಾಕ್ರೈ ಹರಡಲು ಯಾರೂ ಯಾವ ಲಿಂಕನ್ನೂ ಒತ್ತಬೇಕಾಗಿರಲಿಲ್ಲ, ಒಂದು ಯಂತ್ರದಿಂದ ಮತ್ತೊಂದಕ್ಕೆ ತಾನೇ ದಾಟಿಕೊಂಡಿತು. ಇನ್ನೊಂದು ಮಾತು: ವಿಂಡೋಸ್ 10 ಮತ್ತು 11ರ ಜತೆಗೇ ಡಿಫೆಂಡರ್ ಎಂಬ ಆಂಟಿವೈರಸ್ ಉಚಿತವಾಗಿ ಬರುತ್ತದೆ. ನಾಲ್ಕು ಜಿಬಿ ರ್‍ಯಾಮ್ ಇರುವ ಬಡಪಾಯಿ ಲ್ಯಾಪ್‌ಟಾಪಿಗೆ ಅದರ ಮೇಲೆ ಇನ್ನೊಂದು ಭಾರಿ ಆಂಟಿವೈರಸ್ ಹೇರುವುದು ಮೂಗಿಗಿಂತ ಮೂಗುತಿ ಭಾರ ಎಂದಾಗುತ್ತದೆ.

‘ಅಪ್‌ಡೇಟ್ ಹಾಕಿದ್ರೆ ಸ್ಲೋ ಆಗುತ್ತೆ’

ಇದು ಅರ್ಧ ನಿಜ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಎರಡು ದೋಷಗಳು ಪ್ರೊಸೆಸರಿನಲ್ಲೇ ಇರುವುದು ಬಯಲಾದಾಗ, ಅವುಗಳ ತೇಪೆಯಿಂದ ಹಳೆಯ ಪ್ರೊಸೆಸರುಗಳು ಕಣ್ಣಿಗೆ ಕಾಣುವಷ್ಟು ನಿಧಾನವಾಗುತ್ತವೆ ಎಂದು ಮೈಕ್ರೋಸಾಫ್ಟೇ ಒಪ್ಪಿಕೊಂಡಿತು. ವೇಗಕ್ಕಾಗಿ ಪ್ರೊಸೆಸರ್ ಮಾಡುತ್ತಿದ್ದ ಒಂದು ಜಾಣತನವೇ ದೋಷವಾಗಿದ್ದುದರಿಂದ ಅದನ್ನು ಕಟ್ಟಿಹಾಕಿದರೆ ವೇಗ ಇಳಿಯುವುದು ಸಹಜ.

ಆದರೆ ತಿಂಗಳು ತಿಂಗಳು ಬರುವ ಅಪ್‌ಡೇಟಿನ ನಂತರ ಕಾಣುವ ಹ್ಯಾಂಗು ಬೇರೆ ಜಾತಿಯದು. ಹೊಸ ಫೈಲುಗಳನ್ನು ಹೊಂದಿಸಿಕೊಳ್ಳುವುದು, ಹುಡುಕಾಟದ ಪಟ್ಟಿಯನ್ನು ಮತ್ತೆ ಬರೆಯುವುದು, ಹಳೆಯದನ್ನು ಗುಡಿಸುವುದು ಇವೆಲ್ಲ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತವೆ. ಎಸ್‌ಎಸ್‌ಡಿ ಇದ್ದರೆ ಇದು ನಿಮಗೆ ಗೊತ್ತೇ ಆಗುವುದಿಲ್ಲ. ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಗರಗರ ಎನ್ನುತ್ತ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಆ ಹೊತ್ತಿಗೆ ಸರಿಯಾಗಿ ಆನ್ ಮಾಡಿ ಕೂತವರು ‘ನೋಡಿದ್ಯಾ, ಕೆಟ್ಟೋಯ್ತು’ ಎನ್ನುತ್ತಾರೆ. ಒಂದು ರಾತ್ರಿ ಆನ್ ಇಟ್ಟು ಬಿಡಿ, ಬೆಳಗ್ಗೆ ನೋಡಿ. ಆಗಲೂ ಹಾಗೇ ಇದ್ದರೆ ತಪ್ಪು ಡಿಸ್ಕಿನದು; ಅದನ್ನು ಎಸ್‌ಎಸ್‌ಡಿಗೆ ಬದಲಾಯಿಸಿದರೆ ಹಳೆಯ ಕಂಪ್ಯೂಟರಿಗೆ ಹೊಸ ಜೀವ ಬರುತ್ತದೆ.

‘ಅಪ್‌ಡೇಟಿನಿಂದ ಫೈಲೆಲ್ಲ ಹಾಳಾಗಿತ್ತಂತೆ, ವಿಮಾನಾನೇ ನಿಂತೋಗಿತ್ತಂತೆ’

ಎರಡೂ ನಡೆದದ್ದು ನಿಜ. ಆದರೆ ಎರಡೂ ಬೇರೆ ಬೇರೆ ಕಥೆ.

2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ದೊಡ್ಡ ಅಪ್‌ಡೇಟೊಂದು ಬಂತು. ಹಾಕಿಕೊಂಡ ಕೆಲವರ ಡಾಕ್ಯುಮೆಂಟ್ಸ್, ಫೋಟೊಗಳು ಮಾಯವಾದವು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು ನವೆಂಬರಿನಲ್ಲಿ ಸರಿಪಡಿಸಿ ಮತ್ತೆ ಬಿಟ್ಟಿತು. ಇಲ್ಲಿ ಗಮನಿಸಬೇಕಾದದ್ದು, ಅದು ತಿಂಗಳ ತೇಪೆಯಲ್ಲ, ಹೊಸ ಆವೃತ್ತಿ. ಎರಡನ್ನೂ ನಾವು ‘ಅಪ್‌ಡೇಟ್’ ಎಂಬ ಒಂದೇ ಹೆಸರಿನಲ್ಲಿ ಕರೆಯುವುದೇ ಅರ್ಧ ಗೊಂದಲಕ್ಕೆ ಕಾರಣ. ಸೋರುವ ಹೆಂಚು ಬದಲಿಸುವುದು ಒಂದು, ಮಹಡಿ ಎಬ್ಬಿಸುವುದು ಇನ್ನೊಂದು. ನನ್ನ ರೂಢಿ ಹೀಗೆ: ಭದ್ರತೆಯ ತೇಪೆ ಬಂದರೆ ಎರಡು ಮೂರು ದಿನದೊಳಗೆ ಹಾಕಿಬಿಡುತ್ತೇನೆ, ಹೊಸ ಆವೃತ್ತಿಯಾದರೆ ಒಂದೆರಡು ತಿಂಗಳು ಕಾಯುತ್ತೇನೆ. ಮೊದಲು ಮುಟ್ಟಿ ಕೈ ಸುಟ್ಟುಕೊಳ್ಳುವ ಉತ್ಸಾಹಿಗಳು ಜಗತ್ತಿನಲ್ಲಿ ಬೇಕಾದಷ್ಟಿದ್ದಾರೆ.

ವಿಮಾನದ ಕಥೆ 2024ರ ಜುಲೈ 19ರದು. ಅಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಅದು ವಿಂಡೋಸಿನ ಅಪ್‌ಡೇಟೇ ಅಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಹೋದ ಒಂದು ಕೆಟ್ಟ ಫೈಲಿನ ಕರಾಮತ್ತು. ದೊಡ್ಡ ಸಂಸ್ಥೆಗಳು ಬಳಸುವ ತಂತ್ರಾಂಶ ಅದು, ಮನೆಯ ಕಂಪ್ಯೂಟರಿನಲ್ಲಿ ಇರುವಂಥದ್ದಲ್ಲ. ಅಂದು ಮನೆಯಲ್ಲಿ ಕೂತು ಟಿವಿ ನೋಡಿದ ನಮ್ಮ ಚಿಕ್ಕಪ್ಪ ಗಾಬರಿಯಿಂದ ತಮ್ಮ ಲ್ಯಾಪ್‌ಟಾಪಿನ ಅಪ್‌ಡೇಟನ್ನು ಪೂರ್ತಿ ಬಂದ್ ಮಾಡಿಸಿದರು. ನೆಗಡಿ ಬಂದದ್ದು ಪಕ್ಕದ ಮನೆಯವರಿಗೆ, ಮೂಗು ಕೊಯ್ದುಕೊಂಡದ್ದು ಇವರು.

ಫೈಲು ಹೋಗುವ ಭಯಕ್ಕೆ ಮದ್ದು ಬ್ಯಾಕಪ್. ಮದುವೆಯ ಫೋಟೊ, ಮಕ್ಕಳ ಮಾರ್ಕ್ಸ್ ಕಾರ್ಡಿನ ಸ್ಕ್ಯಾನು, ಜಮೀನಿನ ಪತ್ರಗಳನ್ನು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ತುಂಬಿ, ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡಿ. ಬಿಚ್ಚಿಡಬೇಕು ಎಂಬುದು ಮುಖ್ಯ. ಸಿಕ್ಕಿಸಿಯೇ ಬಿಟ್ಟರೆ ವನ್ನಾಕ್ರೈನಂಥದ್ದು ಅದಕ್ಕೂ ಬೀಗ ಹಾಕುತ್ತದೆ.

‘ದಿನಾ ರಾತ್ರಿ ಶಟ್‌ಡೌನ್ ಮಾಡ್ತೀನಿ, ತಾನೇ ಆಗಿರುತ್ತೆ’

ಆಗಿರಲಿಕ್ಕಿಲ್ಲ. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಎಂದರೆ ಪೂರ್ತಿ ಆರಿಸಿದಂತಲ್ಲ. ಮರುದಿನ ಬೇಗ ಎದ್ದೇಳಲಿ ಎಂದು ವಿಂಡೋಸ್ ತನ್ನ ಒಡಲಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ‘ಫಾಸ್ಟ್ ಸ್ಟಾರ್ಟಪ್’ ಎನ್ನುವುದು ಇದನ್ನೇ. ಅಪ್‌ಡೇಟ್ ಬದಲಿಸಬೇಕಾದ ಫೈಲುಗಳು ಬಳಕೆಯಲ್ಲೇ ಉಳಿಯುವುದರಿಂದ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವನ್ನೂ ಕೆಳಗಿಳಿಸಿ ಹೊಸದಾಗಿ ಏರಿಸುತ್ತದೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಒತ್ತಿ. ‘ಅಪ್‌ಡೇಟ್ ಅಂಡ್ ಶಟ್‌ಡೌನ್’ ಎಂದು ಕಂಡ ದಿನ ಅದನ್ನೇ ಒತ್ತಿ. ಕ್ರೋಮ್ ಬ್ರೌಸರಿನದೂ ಇದೇ ಪಾಡು: ಅಪ್‌ಡೇಟ್ ಇಳಿದಿರುತ್ತದೆ, ಮುಚ್ಚಿ ತೆರೆಯುವವರೆಗೆ ಜಾರಿಗೆ ಬರುವುದಿಲ್ಲ. ಬಲಗಡೆ ಮೂಲೆಯಲ್ಲಿ ಅದರ ಸೂಚನೆ ಹಸಿರಾಗಿ ಶುರುವಾಗಿ, ಕಿತ್ತಳೆಯಾಗಿ, ವಾರ ಕಳೆದರೆ ಕೆಂಪಾಗುತ್ತದೆ. ನಲವತ್ತು ಟ್ಯಾಬ್ ತೆರೆದಿಟ್ಟುಕೊಂಡು ತಿಂಗಳಾದರೂ ಮುಚ್ಚದ ನನ್ನ ಅಕ್ಕನ ಮಗನ ಪರದೆಯಲ್ಲಿ ಅದು ಕುಂಕುಮದಷ್ಟು ಕೆಂಪಗಿತ್ತು.

‘ಮಧ್ಯೆ ಕರೆಂಟ್ ಹೋದ್ರೆ?’, ‘ಡೇಟಾ ಖಾಲಿಯಾದ್ರೆ?’

ಕರೆಂಟ್ ಹೋದರೆ ವಿಂಡೋಸ್ ಸಾಮಾನ್ಯವಾಗಿ ಮಾಡಿದಷ್ಟನ್ನು ಹಿಂದಕ್ಕೆ ಸರಿಸಿ ಹಳೆಯ ಸ್ಥಿತಿಗೆ ಮರಳುತ್ತದೆ. ನಿಜವಾಗಿ ಹೆದರಬೇಕಾದದ್ದು ಕಂಪ್ಯೂಟರನ್ನು ಎಬ್ಬಿಸುವ ಬಯೋಸ್ ಎಂಬ ಮೂಲ ತಂತ್ರಾಂಶದ ಅಪ್‌ಡೇಟಿಗೆ. ಅದರ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಮೇಲೇಳದೆ ಹೋಗಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ, ಅದರಲ್ಲೂ ಮಳೆಗಾಲದ ಮಲೆನಾಡಿನಲ್ಲಿ ಕೂತು, ಆ ಸಾಹಸ ಬೇಡ.

ಫೋನಿನ ಹಾಟ್‌ಸ್ಪಾಟಿನಿಂದ ನೆಟ್ ಬಳಸುವವರು ವೈಫೈ ಸೆಟ್ಟಿಂಗ್ಸಿನಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂಬುದನ್ನು ಆನ್ ಮಾಡಿದರೆ ದೊಡ್ಡ ಡೌನ್‌ಲೋಡುಗಳು ತಾವಾಗಿ ಶುರುವಾಗುವುದಿಲ್ಲ. ಆದರೆ ಅಣ್ಣನ ಮನೆಯ ಬ್ರಾಡ್‌ಬ್ಯಾಂಡ್ ಸಿಕ್ಕ ದಿನ ಬಾಕಿಯೆಲ್ಲ ತೀರಿಸಿಕೊಂಡು ಬರಬೇಕು.

‘ನಮ್ಮದು ಅಂಗಡಿಯವನು ಹಾಕಿಕೊಟ್ಟ ವಿಂಡೋಸ್, ಅಪ್‌ಡೇಟ್ ಮಾಡಿದ್ರೆ ಸಿಕ್ಕಿಬೀಳ್ತೀವಿ’

ಇದನ್ನು ಪಿಸುಮಾತಿನಲ್ಲೇ ಹೇಳುತ್ತಾರೆ. ಆಕ್ಟಿವೇಟ್ ಆಗದ ವಿಂಡೋಸ್ ಮೂಲೆಯಲ್ಲಿ ಒಂದು ಸಾಲು ಬರೆದು ಚುಚ್ಚುತ್ತದೆ, ವಾಲ್‌ಪೇಪರ್ ಬದಲಿಸಲು ಬಿಡುವುದಿಲ್ಲ. ಆದರೆ ಭದ್ರತೆಯ ತೇಪೆಯನ್ನು ಅದಕ್ಕೂ ಕೊಡುತ್ತಾರೆ. ಅಪಾಯ ಇರುವುದು ಕ್ರ್ಯಾಕಿನಲ್ಲಿ. ಬೀಗ ಒಡೆಯುವ ಆ ಪುಟ್ಟ ಪ್ರೋಗ್ರಾಮನ್ನು ಓಡಿಸಲು ಮೊದಲು ಆಂಟಿವೈರಸ್ ಆಫ್ ಮಾಡಿ ಎನ್ನುತ್ತಾರೆ. ಕಾವಲುಗಾರನನ್ನು ರಜೆ ಕೊಟ್ಟು ಕಳಿಸಿ ಅಪರಿಚಿತನನ್ನು ಒಳಗೆ ಕರೆದ ಹಾಗೆ. ‘ಲೈಟ್’ ವಿಂಡೋಸ್ ಎಂದು ಪೆನ್‌ಡ್ರೈವಿನಲ್ಲಿ ಸುತ್ತುವ ಆವೃತ್ತಿಗಳಲ್ಲಿ ಎಷ್ಟೋ ಸಲ ಅಪ್‌ಡೇಟಿನ ಭಾಗವನ್ನೇ ಕತ್ತರಿಸಿ ಎಸೆದಿರುತ್ತಾರೆ. ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುವ ಯಂತ್ರದಲ್ಲಿ ಅಂಥದ್ದು ಇರಬಾರದು.

‘ವಿಂಡೋಸ್ ಅಪ್‌ಡೇಟ್ ಆದ್ರೆ ಎಲ್ಲಾ ಆದಂಗೆ’

ಇಲ್ಲ, ಉಳಿದ ಪ್ರೋಗ್ರಾಮುಗಳೂ ಇವೆ. ಒತ್ತಿ ಕಟ್ಟಿದ ಫೈಲುಗಳನ್ನು ಬಿಚ್ಚುವ ವಿನ್‌ರಾರ್ ನೆನಪಿಸಿಕೊಳ್ಳಿ. ನಲವತ್ತು ದಿನದ ಟ್ರಯಲ್ ಮುಗಿದು ಹತ್ತು ವರ್ಷವಾದರೂ ಮುನಿಸಿಕೊಳ್ಳದ ಪುಣ್ಯಾತ್ಮ ಅದು. 2019ರಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಕಂಪನಿಯ ಸಂಶೋಧಕರು ಅದರಲ್ಲಿ 19 ವರ್ಷಗಳಿಂದ ಕೂತಿದ್ದ ದೋಷವೊಂದನ್ನು ಹೊರತೆಗೆದರು. ಮಾಮೂಲಿ ರಾರ್ ಫೈಲಿನಂತೆ ಕಾಣುವುದನ್ನು ಬಿಚ್ಚಿದರೆ ಸಾಕು, ಒಳಗಿದ್ದದ್ದು ವಿಂಡೋಸಿನ ಜತೆ ತಾನೇ ಶುರುವಾಗುವ ಜಾಗಕ್ಕೆ ಹೋಗಿ ಕೂರುತ್ತಿತ್ತು. ತಿದ್ದಿದ ಆವೃತ್ತಿ ಬಂತು, ಆದರೆ ವಿನ್‌ರಾರ್‌ಗೆ ತಾನೇ ಅಪ್‌ಡೇಟ್ ಆಗುವ ಅಭ್ಯಾಸವಿಲ್ಲ. ನಾವೇ ಹೋಗಿ ಇಳಿಸಿಕೊಳ್ಳಬೇಕು. 2023ರಲ್ಲಿ, 2025ರಲ್ಲಿ ಮತ್ತೆ ಅದರ ಬೇರೆ ದೋಷಗಳನ್ನು ಕಳ್ಳರು ಬಳಸಿದರು. ಬಳಸದ ಪ್ರೋಗ್ರಾಮನ್ನು ಅಪ್‌ಡೇಟ್ ಮಾಡುವುದಕ್ಕಿಂತ ತೆಗೆದುಹಾಕುವುದು ವಾಸಿ. ‘ಡ್ರೈವರ್ ಅಪ್‌ಡೇಟರ್’, ‘ಕ್ಲೀನರ್’ ಎಂಬವನ್ನಂತೂ ಮೊದಲೇ ತೆಗೆಯಿರಿ. 2017ರಲ್ಲಿ ಸಿಕ್ಲೀನರ್‌ನ ಅಧಿಕೃತ ಆವೃತ್ತಿಯೊಳಗೇ ಕಳ್ಳರು ತಮ್ಮ ಸರಕು ತುಂಬಿ ಸುಮಾರು 22 ಲಕ್ಷ ಜನಕ್ಕೆ ತಲುಪಿಸಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಎಲ್ಲರೂ ಮರೆಯುವುದು ಗೋಡೆಯ ಮೇಲಿನ ರೂಟರು. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನ ಮೋಡೆಮ್‌ಗಳ ಮೇಲೆ ದಾಳಿಯಾದಾಗ, ಮೊದಲಿಂದ ಬಂದ ಪಾಸ್‌ವರ್ಡನ್ನು ಬದಲಿಸದವರದೇ ಸಿಕ್ಕಿಬಿದ್ದದ್ದು. ರೂಟರೂ ಒಂದು ಕಂಪ್ಯೂಟರೇ, ಅದಕ್ಕೂ ಅಪ್‌ಡೇಟ್ ಇರುತ್ತದೆ.

‘ಮ್ಯಾಕ್‌ಗೆ ಇದೆಲ್ಲ ಬೇಕಾಗಲ್ಲ’

2012ರಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬ ಕುತಂತ್ರಾಂಶ ಆರು ಲಕ್ಷಕ್ಕೂ ಹೆಚ್ಚು ಮ್ಯಾಕ್‌ಗಳಿಗೆ ಹತ್ತಿತು. ಅದು ಒಳನುಗ್ಗಲು ಬಳಸಿದ, ಜಾವಾದಲ್ಲಿದ್ದ ದೋಷವನ್ನು ಒರಾಕಲ್ ಫೆಬ್ರವರಿಯಲ್ಲೇ ತಿದ್ದಿತ್ತು. ಮ್ಯಾಕ್‌ಗೆ ಆ ತೇಪೆ ಬಂದದ್ದು ಏಪ್ರಿಲ್‌ನಲ್ಲಿ. ಇಷ್ಟು ಸಾಕು.

‘ನಿಮ್ಮ ಬ್ರೌಸರ್ ಹಳೆಯದಾಗಿದೆ ಅಂತ ಬಂತು, ಒತ್ತಿದೆ’

ಇಲ್ಲಿ ಮಾತ್ರ ಅಪ್‌ಡೇಟಿಗೆ ಹೆದರಬೇಕು. ಯಾವುದೋ ಜಾಲತಾಣ ನೋಡುತ್ತಿರುವಾಗ ಪುಟದ ಒಳಗಿನಿಂದಲೇ ‘ಅಪ್‌ಡೇಟ್ ಮಾಡಿ’ ಎಂದು ಎದ್ದು ಬರುವುದು ಕಳ್ಳರ ಹಳೆಯ ಬಲೆ. ನಿಜವಾದ ಅಪ್‌ಡೇಟ್ ಸಿಗುವುದು ಸೆಟ್ಟಿಂಗ್ಸಿನ ಒಳಗೆ, ಬ್ರೌಸರಿನದಾದರೆ ಅದರ ಮೂರು ಚುಕ್ಕೆಯ ಮೆನುವಿನಲ್ಲಿ. ಪರದೆಯ ಮೇಲೆ ಫೋನ್ ನಂಬರ್ ತೋರಿಸಿ ‘ಕರೆ ಮಾಡಿ’ ಎನ್ನುವುದು ಮೈಕ್ರೋಸಾಫ್ಟಿನದು ಅಲ್ಲವೇ ಅಲ್ಲ. ಅವರ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಒತ್ತಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

‘ವಿಂಡೋಸ್ 10 ಮುಗೀತಂತೆ, ಹೊಸ ಕಂಪ್ಯೂಟರ್ರೇ ತಗೋಬೇಕಂತೆ’

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದದ್ದು ಹೌದು. ಮುಗಿಯಿತು ಎಂದರೆ ನಿಂತುಹೋಯಿತು ಎಂದಲ್ಲ. ಕಂಪ್ಯೂಟರ್ ಓಡುತ್ತದೆ, ತೇಪೆ ಬರುವುದಿಲ್ಲ. ಮೇಲೆ ಹೇಳಿದ ಡಂಗುರ ಮಾತ್ರ ಮುಂದುವರಿಯುತ್ತದೆ. ಯಾಕೆಂದರೆ ವಿಂಡೋಸ್ 11ಕ್ಕೆ ಬರುವ ತೇಪೆಗಳಲ್ಲಿ ಎಷ್ಟೋ 10ರಲ್ಲೂ ಇರುವ ದೋಷಗಳವು. 11 ಹಾಕೋಣ ಎಂದರೆ ಅದಕ್ಕೆ ಟಿಪಿಎಂ 2.0 ಎಂಬ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. 2016ರಲ್ಲಿ ಕೊಂಡ ಗಟ್ಟಿಮುಟ್ಟಾದ ಲ್ಯಾಪ್‌ಟಾಪ್ ಕೂಡ ಹೊರಗೆ ನಿಲ್ಲುತ್ತದೆ. ಇದು ಅನ್ಯಾಯ ಎಂದೇ ನನಗನ್ನಿಸುತ್ತದೆ. ಕೆಟ್ಟಿರದ ವಸ್ತುವನ್ನು ಗುಜರಿಗೆ ಹಾಕು ಎನ್ನುವುದಕ್ಕೆ ಭದ್ರತೆಯ ಹೆಸರು ಸಾಲದು.

ದಾರಿಗಳಿವೆ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ತೇಪೆ ಮುಂದುವರಿಸುವ ಯೋಜನೆಯನ್ನು ಕಂಪನಿ ಕೊಟ್ಟಿತು. ಮೈಕ್ರೋಸಾಫ್ಟ್ ಖಾತೆಯಿಂದ ಸೆಟ್ಟಿಂಗ್ಸನ್ನು ಬ್ಯಾಕಪ್ ಮಾಡಿಕೊಂಡರೆ ಅದು ಪುಕ್ಕಟೆ, ಇಲ್ಲವಾದರೆ 30 ಡಾಲರ್. ಇಲ್ಲವೇ ಉಬುಂಟು, ಮಿಂಟ್‌ನಂಥ ಲಿನಕ್ಸ್ ಹಾಕಿಕೊಳ್ಳಬಹುದು. ಬ್ರೌಸರು, ಇಮೇಲು, ಯೂಟ್ಯೂಬು, ಒಂದಿಷ್ಟು ಕನ್ನಡ ಟೈಪಿಂಗು ಇಷ್ಟೇ ಬೇಕಾದವರಿಗೆ ಅದು ಧಾರಾಳ ಸಾಕು. ನಮ್ಮ ಕೆಜಿಪಿ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಸಿಗುತ್ತದೆ. ನಿವೃತ್ತ ಮೇಷ್ಟರಾದ ನನ್ನ ಮಾವ ವರ್ಷದಿಂದ ಮಿಂಟ್‌ನಲ್ಲೇ ಪತ್ರಿಕೆ ಓದುತ್ತಿದ್ದಾರೆ. ಅದು ವಿಂಡೋಸ್ ಅಲ್ಲ ಎಂದು ನಾನಿನ್ನೂ ಹೇಳಿಲ್ಲ.

‘ಅಪ್‌ಡೇಟ್ ಮಾಡಿದ್ರೆ ನುಡಿ ಹೋಗ್ಬಿಡುತ್ತೆ’

ಕರ್ನಾಟಕದಲ್ಲಿ ಮಾತ್ರ ಕೇಳಿಬರುವ ಭಯ ಇದು, ಮತ್ತು ಹುರುಳಿಲ್ಲದ್ದಲ್ಲ. ನಮ್ಮ ಡಿಟಿಪಿಯವರ ಬದುಕು ನಡೆದದ್ದು ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಮೇಲೆ. ಯೂನಿಕೋಡ್‌ಗೆ ಮುಂಚಿನ ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಫಾಂಟ್ ತಪ್ಪಿದರೆ ಇಡೀ ಪುಟ ಇಂಗ್ಲಿಷ್ ಅಕ್ಷರಗಳ ನೆತ್ತಿಗೆ ಚುಕ್ಕೆ, ಬಾಲ ಅಂಟಿಸಿದ ಗೊಜ್ಜಾಗುತ್ತದೆ. ತಿಂಗಳ ತೇಪೆಯಿಂದ ಫಾಂಟ್ ಅಳಿಸಿಹೋಗುವುದಿಲ್ಲ. ಹೊಸ ಆವೃತ್ತಿಗೆ ಹೋದಾಗ ಹಳೆಯ ಕೀಲಿಮಣೆ ಪ್ರೋಗ್ರಾಮ್ ಮುಷ್ಕರ ಹೂಡುವುದುಂಟು; ಯೂನಿಕೋಡ್ ಕೊಡುವ ನುಡಿಯ ಹೊಸ ಆವೃತ್ತಿ ಹಾಕಿದರೆ ಟೈಪಿಂಗ್ ಸರಿಹೋಗುತ್ತದೆ, ಹಳೆಯ ಕಡತಗಳನ್ನು ಪರಿವರ್ತಿಸಿಕೊಳ್ಳಬೇಕು.

ಆದರೆ ಪುಟ ವಿನ್ಯಾಸಕ್ಕೆ ಅವರು ಬಳಸುವ ಪೇಜ್‌ಮೇಕರ್? ಅದರ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ನಮ್ಮೂರಿನ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಸಹಕಾರ ಸಂಘದ ವಾರ್ಷಿಕ ವರದಿ ಎಲ್ಲ ಇವತ್ತಿಗೂ ಅದರಲ್ಲೇ ತಯಾರಾಗುತ್ತವೆ, ಅದೂ ಎಕ್ಸ್‌ಪಿ ಇರುವ ಯಂತ್ರದಲ್ಲಿ. ಇಪ್ಪತ್ತು ವರ್ಷದ ಕಡತಗಳಿವೆ, ಕೈ ಪಳಗಿದೆ. ‘ಇದನ್ನೂ ಅಪ್‌ಡೇಟ್ ಮಾಡು ಅಂತೀಯಾ ತಮ್ಮಾ?’ ಎಂದು ಮಾಲೀಕರು ನಗುತ್ತ ಕೇಳಿದರು. ಮಾಡಿ ಎನ್ನಲಿಲ್ಲ. ನೆಟ್ ಕೇಬಲ್ ಕಿತ್ತು, ಯಾರೂ ಮತ್ತೆ ಸಿಕ್ಕಿಸದಂತೆ ಗೋಡೆಯ ಮೊಳೆಗೆ ಸುತ್ತಿ ನೇತುಹಾಕಿದೆವು. ಇಮೇಲು, ವಾಟ್ಸ್‌ಆ್ಯಪ್‌ನಲ್ಲಿ ಬರುವ ಮ್ಯಾಟರ್‌ಗೆ ಪಕ್ಕದಲ್ಲಿ ಇನ್ನೊಂದು ಹೊಸ ಯಂತ್ರವಿದೆ, ಅದು ತಿಂಗಳು ತಿಂಗಳು ತಪ್ಪದೆ ಅಪ್‌ಡೇಟ್ ಆಗುತ್ತದೆ. ಎರಡರ ನಡುವೆ ಓಡಾಡುವುದು ಒಂದೇ ಪೆನ್‌ಡ್ರೈವ್. ಸಿಕ್ಕಿಸಿದ ಕೂಡಲೇ ಪೆನ್‌ಡ್ರೈವಿನೊಳಗಿನದು ತಾನೇ ಓಡಿಬಿಡುವ ಎಕ್ಸ್‌ಪಿಯ ಚಾಳಿಗೆ 2011ರ ಫೆಬ್ರವರಿಯ ಅಪ್‌ಡೇಟಿನಲ್ಲಿ ಕಡಿವಾಣ ಹಾಕಿದ್ದರು. ಆ ಹಳೆಯ ಯಂತ್ರದಲ್ಲಿ ಅದು ಬಿದ್ದಿದೆಯೇ ಎಂದು ಹುಡುಕಿ ನೋಡಿದೆ. ಇತ್ತು. ಮಾಲೀಕರ ಮಗ ಕಾಲೇಜಿನಲ್ಲಿದ್ದಾಗ ಯಾವತ್ತೋ ಹಾಕಿದ್ದನಂತೆ. ‘ಯಾಕೋ ಮುಟ್ಟಿದೆ’ ಎಂದು ಅಪ್ಪನಿಂದ ಬೈಸಿಕೊಂಡಿದ್ದನಂತೆ.